ಅಡಿವೆವ್ವ ಅಕ್ಕೋರು ಬರೆದ ಚಂದ್ರನ ಲೇಖನ

ಅಕ್ಕಿಆಲೂರಿನ ನಮ್ಮ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರ ಕುಬೇರಪ್ಪನವರು ಎಲ್ಲ ಶಿಕ್ಷಕರನ್ನೂ ‘ರೀ’ ಹಚ್ಚಿ ಮಾತಾಡಿಸುತ್ತಿದ್ದರು. ವಿಜ್ಞಾನ ಕಲಿಸುವ ಅಡಿವೆವ್ವ ಅಕ್ಕೋರಿಗೆ ಮಾತ್ರ ‘ಬಾ’, ‘ಹೋಗು’. ತಮ್ಮ ಕೇರಿಯಲ್ಲಿ ಬಿಎಸ್ಸಿ ಓದಿದ ಮೊದಲಿಗರು ಅವರು. ಆ ಏಕವಚನ ಕೇಳಿದಾಗಲೆಲ್ಲ ಅವರ ದವಡೆ ಬಿಗಿಯುವುದನ್ನು ನಾವು ಹುಡುಗಿಯರು ನೋಡಿದ್ದೆವು.

೧೯೭೬ರಲ್ಲಿ ಒಂದು ದಿನ ಅವರು ನಮ್ಮನ್ನು ಅಕ್ಕಿ ಗಿರಣಿಯ ಹಿಂದಕ್ಕೆ ಕರೆದೊಯ್ದರು. ಕೊಳವೆಯಿಂದ ಭತ್ತದ ಹೊಟ್ಟು ರಭಸವಾಗಿ ಹಾರಿ ಬರುತ್ತಿತ್ತು. ಅದಕ್ಕೆ ಅಡ್ಡಲಾಗಿ ಒಂದು ಪೀಪಾಯಿ ಇಡಿಸಿದರು.

“ಪೀಪಾಯಿ ಹಿಂದ ನೋಡ್ರಿ, ಒಂದ ಚೂರು ಹೊಟ್ಟು ಬಿದ್ದಿಲ್ಲ. ಸೂರ್ಯನಿಂದ ಎಲೆಕ್ಟ್ರಾನು ಹಿಂಗ ಹಾರಿ ಬರ್ತಾವ. ಚಂದ್ರನ ಮ್ಯಾಲ ಗಾಳಿ ಇಲ್ಲ, ತಡಿಯಾಕ ಏನೂ ಇಲ್ಲ. ಸೀದಾ ನೆಲಕ್ಕ ಬಡೀತಾವ. ಎಲೆಕ್ಟ್ರಾನು ಎಣಿಸಾಕ ಚಂದ್ರನ ಸುತ್ತ ಬಿಟ್ಟಿದ್ದ ಸಣ್ಣ ನೌಕೆ ಅವನ ಬೆನ್ನ ಹಿಂದ ಹೋದಾಗ ಎಲೆಕ್ಟ್ರಾನು ಭಾಳ ಕಡಿಮಿ ಆದ್ವು.”

ಇದನ್ನೇ ಬರೆದು, ತಾಲೂಕು ಶಿಕ್ಷಕರ ಸ್ಮರಣ ಸಂಚಿಕೆಗೆ ಕಳಿಸಲು ಹೆಡ್‌ಮಾಸ್ತರರ ಕೈಗೆ ಕೊಟ್ಟರು. ಕೊನೆಯ ಪುಟವನ್ನು ಇನ್ನೂ ತಿದ್ದುತ್ತಿದ್ದುದರಿಂದ ಆಮೇಲೆ ಕೊಡುವುದೆಂದು ಮನೆಯಲ್ಲೇ ಇಟ್ಟುಕೊಂಡಿದ್ದರು. ಅದನ್ನು ಕೊಡುವ ಮೊದಲೇ ಸಂಚಿಕೆ ಬಂತು. ಲೇಖನದ ಕೆಳಗೆ ಕುಬೇರಪ್ಪನವರ ಹೆಸರಿತ್ತು. ಗಿರಣಿಯ ಹೊಟ್ಟನ್ನೂ ಅವರೇ ಕಂಡಂತೆ ಅಚ್ಚಾಗಿತ್ತು.

ಅಕ್ಕೋರು ನೇರ ಅವರ ಕೋಣೆಗೆ ಹೋದರು. ಪಡಸಾಲೆಯಲ್ಲಿದ್ದ ನಮಗೆಲ್ಲ ಮಾತು ಕೇಳಿಸಿತು.

“ಇದು ನಾ ಬರದದ್ದರಿ.”

“ನಿನ್ನ ಹೆಸರು ನೋಡಿ ಯಾರ ಓದ್ತಾರ? ಸಾಲಿ ಹೆಸರು ಬಂತಲ್ಲ, ನಡಿ.”

ಅಕ್ಕೋರ ಮುಖ ಕೆಂಡವಾಗಿತ್ತು.

ಮುಂದಿನ ತಿಂಗಳು ಹಾನಗಲ್ಲಿನ ಶಿಕ್ಷಕರ ಸಭೆಯಲ್ಲಿ ಕುಬೇರಪ್ಪನವರು ಆ ಲೇಖನ ಓದಿದರು. ಅಲ್ಲೇ ವಿಜ್ಞಾನ ಪ್ರದರ್ಶನವಿದ್ದುದರಿಂದ ನಾವೂ ಹೋಗಿದ್ದೆವು. ಚಪ್ಪಾಳೆ ನಿಲ್ಲುತ್ತಲೇ ಅಕ್ಕೋರು ಎದ್ದರು.

“ಚಂದ್ರನ ಕೆಲವು ಜಾಗಾದಿಂದ ಎಲೆಕ್ಟ್ರಾನು ತಿರುಗಿ ನೌಕೆ ಕಡೆ ಬಂದಾವ. ಯಾಕ್ರಿ?”

“ಗಾಳಿ ಅಂದ ಮ್ಯಾಲ ತಿರುಗಿ ಬೀಸ್ತದ. ಕುಂಡ್ರು.”

“ಅಲ್ಲಿ ಗಾಳಿ ಇಲ್ಲ ಅಂತ ಈಗ ನೀವ ಓದಿದ್ರಿ.”

ಹಿಂದೆ ಯಾರೋ ನಕ್ಕರು. ಯಾರೂ ಕರೆಯದೆಯೇ ಅಕ್ಕೋರು ವೇದಿಕೆ ಹತ್ತಿ ಹಲಗೆಯ ಮೇಲೆ ಚಿತ್ರ ಬರೆದರು. ಅಲ್ಲಲ್ಲಿ ಚಂದ್ರನ ಕಲ್ಲಿನಲ್ಲಿ ಕಾಂತಶಕ್ತಿ ಇದೆ, ಬರುವ ಎಲೆಕ್ಟ್ರಾನುಗಳನ್ನು ಅದು ಹಿಂದಕ್ಕೆ ತಿರುಗಿಸುತ್ತದೆ ಎಂದು ವಿವರಿಸಿದರು.

“ಇದು ಲೇಖನದ ಕೊನೇ ಪುಟ. ನನ್ನ ಕಡೆ ಉಳದಿತ್ತು, ಅದಕ್ಕ ಇವರಿಗೆ ಗೊತ್ತಿಲ್ಲ,” ಎಂದು ಇಳಿದು ಬಂದರು.

ಯಾರೂ ತಪ್ಪು ಒಪ್ಪಿಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಅಕ್ಕೋರಿಗೆ ರಟ್ಟೀಹಳ್ಳಿಗೆ ವರ್ಗವಾಯಿತು. ಹೊರಡುವ ದಿನ ಶಾಲೆಯಲ್ಲಿದ್ದ ಸಂಚಿಕೆಗಳನ್ನೆಲ್ಲ ತರಿಸಿ, ಎಲ್ಲರೆದುರೇ ಕುಬೇರಪ್ಪನವರ ಹೆಸರು ಹೊಡೆದುಹಾಕಿ ತಮ್ಮ ಹೆಸರು ಬರೆದರು.

೧೯೮೪ರಲ್ಲಿ ನಾನೂ ಶಿಕ್ಷಕಿಯಾಗಿ ಅವರನ್ನು ಕಾಣಲು ಹೋದೆ. ಆ ಸಿಟ್ಟು ಇಳಿಯಿತೇ ಎಂದು ಕೇಳಿದೆ.

“ಇಲ್ಲವ್ವ, ಯಾಕ ಇಳೀಬೇಕು? ಈಗ ಬರದದ್ದನ್ನ ನಾನ ಪ್ರೆಸ್ಸಿಗೆ ಒಯ್ತೇನಿ. ಹೆಸರು ಅಚ್ಚಾಗೂತನಕ ಅಲ್ಲೇ ಕುಂತಿರ್ತೇನಿ.”