ಗೊತ್ತಿಲ್ಲ ಪೆಟ್ಟಿಗೆ

ಇವತ್ತು ಬೆಳಿಗ್ಗೆ ಕಸದ ಬುಟ್ಟಿಯನ್ನು ಕಾಲ ಬಳಿ ಎಳೆದುಕೊಂಡು ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದೆ. ಪೆನ್ಸಿಲ್ ಸಿಪ್ಪೆಯ ವಾಸನೆ ಬಂದರೆ ನಿಮಗೆ ಒಂದನೇ ಕ್ಲಾಸು, ಮಣೆಯ ಮೇಲೆ ಕೂತ ಗೆಳತಿ, ಕಚ್ಚಿ ಕಚ್ಚಿ ಗಿಡ್ಡವಾದ ರಬ್ಬರು ಎಲ್ಲ ನೆನಪಾಗಬಹುದು. ನಿಮ್ಮ ಪುಣ್ಯ. ನನಗೆ ಮಾತ್ರ ಆ ವಾಸನೆಗೆ ಇವತ್ತಿಗೂ ಅಂಗೈ ಬೆವರುತ್ತದೆ. ಹದಿಮೂರು ವರ್ಷದ ಹಿಂದೆ ಒಂದು ಪೆನ್ಸಿಲನ್ನು ಕೀಳಾಗಿ ಕಂಡಿದ್ದರ ಫಲ ಅದು. ಹೇಳುತ್ತೇನೆ, ಸ್ವಲ್ಪ ಸುತ್ತು ಹಾಕಿಕೊಂಡು ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಕೆಲಸ ಮಾಡುವುದು ದೇವನಹಳ್ಳಿಯಿಂದ ಆಚೆಗಿರುವ ಒಂದು ವಿಶ್ವವಿದ್ಯಾಲಯದಲ್ಲಿ, ಮಿದುಳಿನ ಬಗ್ಗೆ ಸಂಶೋಧನೆ ಮಾಡುವ ಲ್ಯಾಬಿನಲ್ಲಿ. ಲ್ಯಾಬ್ ಮ್ಯಾನೇಜರ್ ಎಂದು ಬಾಗಿಲ ಮೇಲೆ ಬರೆದಿದೆ. ಹೆಸರು ಜೋರಾಗಿದೆ, ಕೆಲಸ ಮಾತ್ರ ಕೂಡು ಕುಟುಂಬದ ಹಿರಿ ಸೊಸೆಯದು. ಫ್ರಿಜ್ ಕೆಟ್ಟರೆ ನಾನು, ಕೈಗವಸು ಮುಗಿದರೆ ನಾನು, ಇಬ್ಬರು ವಿದ್ಯಾರ್ಥಿಗಳು ಒಂದೇ ಮೈಕ್ರೋಸ್ಕೋಪಿಗೆ ಜಗಳವಾಡಿದರೆ ನಾನು. ನಮ್ಮಮ್ಮ ಮಾತ್ರ ದೊಡ್ಡಬಳ್ಳಾಪುರದ ತುಂಬ ‘ನಮ್ ಹುಡುಗಿ ಮೆದುಳಿನ ಡಾಕ್ಟ್ರು’ ಎಂದು ಹೇಳಿಕೊಂಡು ಬಂದಿದ್ದಾಳೆ. ಮದುವೆಮನೆಗೆ ಹೋದರೆ ತಲೆನೋವಿನವರು, ತಲೆಸುತ್ತಿನವರು ನನ್ನ ಎಲೆಯ ಸುತ್ತ ಸೇರುತ್ತಾರೆ. ನಾನು ನೋಡೋದು ಇಲಿ ಮೆದುಳು ಕಣ್ರೀ ಎಂದರೆ, ‘ಇರ್ಲಿ ಬಿಡಮ್ಮಾ, ನಮ್ದೇನ್ ಭಾರಿ ಬೇರೆ ಇರುತ್ತಾ’ ಎನ್ನುತ್ತಾರೆ.

ಹಿರಿ ಸೊಸೆಯ ಕೆಲಸಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಹೊಸಬರನ್ನು ಸೇರಿಸಿಕೊಳ್ಳುವುದು. ಆಫೀಸಿನವರು ಇದಕ್ಕೆ ಇಂಡಕ್ಷನ್ ಎನ್ನುತ್ತಾರೆ, ಈಗೀಗ ಆನ್‌ಬೋರ್ಡಿಂಗ್ ಎನ್ನುವುದೂ ಕೇಳಿಬರುತ್ತಿದೆ. ನಮ್ಮ ಹಳೆಯ ಟೆಕ್ನಿಷಿಯನ್ ಮುನಿಯಪ್ಪನವರು ಇದನ್ನು ‘ಮನೆ ತುಂಬಿಸ್ಕೊಳ್ಳೋದು’ ಎನ್ನುತ್ತಿದ್ದರು. ನನಗೆ ಅದೇ ಸರಿ ಅನ್ನಿಸುತ್ತದೆ. ಗುರುತಿನ ಚೀಟಿ, ಸುರಕ್ಷತೆಯ ಕಾಗದಕ್ಕೆ ಸಹಿ, ಯಾವ ಬೀಗದ ಕೈ ಯಾವ ಮೊಳೆಯಲ್ಲಿ ಎಂಬುದೆಲ್ಲ ಒಂದು ಗಂಟೆಯ ಕೆಲಸ. ಬಂದವರು ಮನೆಯವರಾಗುವುದು ಬೇರೆಯೇ ಸಂಗತಿ.

ಮುನಿಯಪ್ಪನವರು ಕುಂದಾಣದವರು. ಓದಿದ್ದು ಎಸ್ಸೆಸ್ಸೆಲ್ಸಿ, ಕೈಗೆ ಮಾತ್ರ ಡಾಕ್ಟರೇಟು ಬಂದಿತ್ತು. ಎಂತೆಂಥ ಸಂಶೋಧಕರೂ ಅವರ ಪಕ್ಕ ನಿಂತು ಕಲಿಯಬೇಕಿತ್ತು. ಇಲಿಯ ತಲೆಬುರುಡೆಯಿಂದ ಮಿದುಳನ್ನು ಬಿಡಿಸುವುದು ಹೇಗೆ ಎಂದು ಕೇಳಿದವರಿಗೆ ಮನೆಯಿಂದ ತಂದ ಚಕ್ಕೋತವನ್ನು ಕೈಗೆ ಕೊಡುತ್ತಿದ್ದರು. ‘ಸಿಪ್ಪೆ ಬರ್ಬೇಕು, ತೊಳೆ ಒಡೀಬಾರ್ದು. ಇದು ಬಂದ್ರೆ ಅದೂ ಬರುತ್ತೆ.’ ತೊಳೆ ಒಡೆದವರು ಆ ಚಕ್ಕೋತ ತಿಂದು ಇನ್ನೊಂದು ಬಿಡಿಸಬೇಕಿತ್ತು. ನಾನು ಎರಡನೆಯದಕ್ಕೇ ಪಾಸಾದೆ, ಮಗ್ಗದ ಮನೆಯ ಬೆರಳಲ್ಲವೇ!

ಜಂಬ ಬಂದದ್ದು ಅಲ್ಲಿಂದಲೇ ಇರಬೇಕು. ನನ್ನನ್ನು ಸೇರಿಸಿಕೊಂಡದ್ದು ಮೂರು ತಿಂಗಳ ಪರೀಕ್ಷೆಯ ಮೇಲೆ, ಸರಿ ಕಂಡರೆ ಮುಂದುವರಿಸುವುದು, ಇಲ್ಲದಿದ್ದರೆ ನಮಸ್ಕಾರ. ಅಪ್ಪ ‘ಇಲಿ ಕುಯ್ಯೋಕಾ ನಿನ್ನ ಎಂ.ಎಸ್ಸಿ. ಓದ್ಸಿದ್ದು?’ ಎಂದು ಗೊಣಗಿದ್ದನ್ನು ಲೆಕ್ಕಿಸದೆ ಬಂದಿದ್ದೆ. ವಾಪಸು ಹೋಗಿ ಅವನ ಮುಂದೆ ನಿಲ್ಲುವ ಮಾತೇ ಇರಲಿಲ್ಲ. ಮೊದಲ ದಿನ ಅಮ್ಮ ಲ್ಯಾಬಿನವರಿಗೆಲ್ಲ ಎಂದು ಸೀರೆ ಇಡುವ ರಟ್ಟಿನ ಪೆಟ್ಟಿಗೆಯ ತುಂಬ ಕೋಡುಬಳೆ ಕಳಿಸಿದ್ದಳು. ಅದನ್ನು ಹಂಚಿದ ಮೇಲೆ ಮುನಿಯಪ್ಪನವರು ನನಗೆ ಒಂದು ಪೆನ್ಸಿಲ್ ಕೊಟ್ಟರು.

“ಇಲ್ಲಿ ಏನ್ ಬರೆದ್ರೂ ಇದ್ರಲ್ಲೇ ಬರೀಬೇಕು ತಾಯಿ.”

ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಎಂ.ಎಸ್ಸಿ.ಯಲ್ಲಿ ಮೂರನೇ ರ‍್ಯಾಂಕು ಬಂದವಳ ಕೈಗೆ ಪೆನ್ಸಿಲ್! ನಾನೇನು ಶಿಶುವಿಹಾರಕ್ಕೆ ಸೇರಿದ್ದೇನೆಯೇ? ಅದೂ ನನ್ನ ಅಕ್ಷರ ನೋಡಿದವರು ಅಚ್ಚು ಹಾಕಿದ ಹಾಗಿದೆ ಎನ್ನುತ್ತಿದ್ದರು. ಊರಿನ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಒಂದು ನೀಲಿ ಮಾರ್ಕರ್ ಕೊಂಡೆ. ‘ಪರ್ಮನೆಂಟ್’ ಎಂದು ಅದರ ಮೈಮೇಲೇ ಬರೆದಿತ್ತು.

ಆ ವಾರವೇ ಸುಮಾ ಅಕ್ಕ ಊರಿಗೆ ಹೋಗಬೇಕಾಗಿ ಬಂತು. ಸುಮಾ ಅಕ್ಕ ಎಂದರೆ ಆಗ ಪಿಎಚ್‌ಡಿ ಮಾಡುತ್ತಿದ್ದವರು, ನಮ್ಮೆಲ್ಲರಿಗಿಂತ ಹಿರಿಯರು. ಆರು ತಿಂಗಳು ಕಷ್ಟಪಟ್ಟು, ಕೆಲವು ಇಲಿಗಳಿಗೆ ಒಂದು ಔಷಧ ಕೊಟ್ಟು ಕೆಲವಕ್ಕೆ ಕೊಡದೆ, ಅವುಗಳ ಮಿದುಳನ್ನು ಕೂದಲೆಳೆಯಷ್ಟು ತೆಳ್ಳಗೆ ಕತ್ತರಿಸಿ ಇಟ್ಟಿದ್ದರು. ಆ ತುಣುಕುಗಳನ್ನು ಕುಂಚದ ತುದಿಯಲ್ಲಿ ಎತ್ತಿ ಗಾಜಿನ ಸ್ಲೈಡಿನ ಮೇಲೆ ಕೂರಿಸಿ, ಬಣ್ಣ ಹಾಕಿ, ಸ್ಪಿರಿಟ್ಟಿನಲ್ಲಿ ಅದ್ದಿ ತೆಗೆಯುವ ಕೆಲಸ ನನ್ನದು. ಇಪ್ಪತ್ತನಾಲ್ಕು ಇಲಿ, ಇಪ್ಪತ್ತನಾಲ್ಕು ಸ್ಲೈಡ್. “ಜೋಪಾನ ಕಣೇ” ಎಂದು ಹೇಳಿ ಹೋದರು. ನಾನು ಪ್ರತಿ ಸ್ಲೈಡಿನ ತುದಿಯಲ್ಲಿ, ಬರೆಯಲೆಂದೇ ಗಾಜನ್ನು ತರಿ ಮಾಡಿದ ಜಾಗದಲ್ಲಿ, ಆಯಾ ಇಲಿಯ ನಂಬರನ್ನು ಅಚ್ಚು ಹಾಕಿದಂತೆ ಬರೆದೆ. ಯಾವುದರಲ್ಲಿ ಎಂದು ಬೇರೆ ಹೇಳಬೇಕೇ?

ಸ್ಪಿರಿಟ್ಟಿನ ಬಟ್ಟಲಿಗೆ ಸ್ಲೈಡುಗಳನ್ನು ಇಳಿಸಿದೆ. ಸ್ಪಿರಿಟ್ ನಿಧಾನಕ್ಕೆ ತೆಳು ನೀಲಿಯಾಯಿತು. ಆಹಾ, ಎಷ್ಟು ಚೆಂದ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು! ಆ ನೀಲಿ ನನ್ನ ಅಕ್ಷರಗಳದ್ದು ಎಂದು ಆಮೇಲೆ ಹೊಳೆಯಿತು. ಸ್ಲೈಡುಗಳನ್ನು ಅವಿದ್ದ ಸಾಲಿನಲ್ಲೇ ಬಿಟ್ಟಿದ್ದರೂ ಬಚಾವಾಗುತ್ತಿದ್ದೆ. ಗಾಬರಿಯಲ್ಲಿ ಎರಡೂ ಕೈಯಲ್ಲಿ ಬಾಚಿ ತೆಗೆದು ಮೇಜಿನ ತುಂಬ ಹರಡಿಬಿಟ್ಟೆ. ಪೆನ್ಸಿಲ್ಲಿನ ಸೀಸಕ್ಕೆ ಸ್ಪಿರಿಟ್ ಏನೂ ಮಾಡುವುದಿಲ್ಲ, ಶಾಯಿಯನ್ನು ಉಳಿಸುವುದಿಲ್ಲ ಎಂಬ ಪಾಠ ನನಗಾದದ್ದು ಹೀಗೆ.

ಇಪ್ಪತ್ತನಾಲ್ಕು ಬೋಳು ಸ್ಲೈಡುಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಿದುಳಿನ ಯಾವ ಭಾಗ ಎಂದು ಹೇಳಬಹುದು, ಯಾವ ಇಲಿಯದು ಎಂದು ದೇವರೂ ಹೇಳಲಾರ. ಔಷಧ ತಿಂದದ್ದು, ತಿನ್ನದ್ದು ಅದಲುಬದಲಾದರೆ ಇಡೀ ಲೆಕ್ಕಾಚಾರವೇ ಸುಳ್ಳು, ಆ ಸುಳ್ಳನ್ನು ನಂಬಿ ನಾಳೆ ಯಾರಿಗೋ ಆ ಔಷಧ ಕೊಟ್ಟರೆ? ಇಷ್ಟೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದೇನು ಕೇಳಿ: ಡ್ರಾಯರಿನಿಂದ ಅದೇ ಪೆನ್ಸಿಲ್ ತೆಗೆದುಕೊಂಡೆ. ಇದನ್ನು ಮೊದಲು ಇಟ್ಟಿದ್ದೆ, ಇದು ಅದರ ಪಕ್ಕದ್ದು ಎಂದು ಅಂದಾಜು ಹಾಕಿ ಮೊದಲ ಸ್ಲೈಡಿನ ಮೇಲೆ ನಂಬರು ಬರೆದೂಬಿಟ್ಟೆ. ಅಕ್ಷರ ಚೆನ್ನಾಗಿಯೇ ಬಂತು.

“ಏನ್ ಬರೀತಿದೀಯ ತಾಯಿ?” ಮುನಿಯಪ್ಪನವರು ಬಾಗಿಲಲ್ಲಿ ನಿಂತಿದ್ದರು. ನೀಲಿ ಬಟ್ಟಲನ್ನೂ ನೋಡಿದರು, ನನ್ನನ್ನೂ ನೋಡಿದರು.

“ನಂಬರು, ಮುನಿಯಪ್ಪನೋರೇ.”

“ಯಾವ್ದು ಯಾವ್ದು ಅಂತ ಗೊತ್ತಾ?”

“ಇದೇ ಇರ್ಬೇಕು.”

“ಇರ್ಬೇಕು ಅನ್ನೋದನ್ನ ಸಂಬಂಧ ಕುದುರ್ಸೋರು ಹೇಳ್ಲಿ. ಇಲ್ಲಿ ಎರಡೇ ಕಣಮ್ಮ, ಗೊತ್ತು, ಇಲ್ಲ ಗೊತ್ತಿಲ್ಲ. ಗೊತ್ತಿಲ್ದಿದ್ರೆ ಹಂಗೇ ಬರಿ.”

ನಮ್ಮ ಮನೆಯಲ್ಲಿ ಹಗಲೆಲ್ಲ ಪವರ್‌ಲೂಮ್ ಸದ್ದು. ಹಾಸಿನಲ್ಲಿ, ಅಂದರೆ ಉದ್ದಕ್ಕೆ ಹಿಡಿದ ನೂಲಿನಲ್ಲಿ, ಒಂದು ಎಳೆ ಕಡಿದರೆ ಮಗ್ಗಕ್ಕೇನೂ ಗೊತ್ತಾಗುವುದಿಲ್ಲ, ಅದರ ಪಾಡಿಗೆ ಅದು ಹೊಡೆಯುತ್ತಲೇ ಇರುತ್ತದೆ. ನೋಡುವವರು ನಿಲ್ಲಿಸದಿದ್ದರೆ ಸೀರೆಯ ಉದ್ದಕ್ಕೂ ಒಂದು ಗೆರೆ ಬಿದ್ದಿರುತ್ತದೆ. ಅಮ್ಮ ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ಮೊದಲು ಓಡಿಬಂದು ಮಗ್ಗ ನಿಲ್ಲಿಸುತ್ತಿದ್ದಳು. ಚಿಕ್ಕಂದಿನಲ್ಲಿ ಕಡಿದ ಎಳೆ ಹುಡುಕಿ ಕೂಗುವುದೇ ನನ್ನ ಕೆಲಸವಾಗಿತ್ತು. ಅಂಥ ಮನೆಯವಳು ನಾನು, ಎಳೆ ಕಡಿದದ್ದನ್ನು ಕಣ್ಣಾರೆ ಕಂಡೂ ಮಗ್ಗ ಓಡಿಸಲು ಕೂತಿದ್ದೆ. ನಾಚಿಕೆಯಿಂದ ಅಳು ಬಂತು. ಬರೆದ ನಂಬರನ್ನು ಅಳಿಸಿ, ಅಳುತ್ತಲೇ ಇಪ್ಪತ್ತನಾಲ್ಕು ಸ್ಲೈಡುಗಳ ಮೇಲೂ ‘ಗೊತ್ತಿಲ್ಲ’ ಎಂದು ಬರೆದೆ. ಲ್ಯಾಬಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯುವುದು ವಾಡಿಕೆ, ಅಳುವಾಗ ನನಗೆ ಇಂಗ್ಲಿಷ್ ಬರುವುದಿಲ್ಲ.

ನಮ್ಮ ಪ್ರೊಫೆಸರನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತೇವೆ. ಅವರು ಕೇಳಿದ್ದು ಒಂದೇ. “ಪೆನ್ಸಿಲ್ ಕೊಟ್ಟಿರ್ಲಿಲ್ವಾ?” ಕೊಟ್ಟಿದ್ದರು ಮೇಡಂ ಎಂದೆ. “ಮತ್ತೆ?” “ಜಂಬ ಮೇಡಂ.” ಅವರು ಬಾಯಿಗೆ ಕೈ ಅಡ್ಡ ಹಿಡಿದು ಕಿಟಕಿ ಕಡೆ ತಿರುಗಿಕೊಂಡರು. ನಕ್ಕಿದ್ದರೆಂದು ಈಗ ಅನ್ನಿಸುತ್ತದೆ.

ಸುಮಾ ಅಕ್ಕ ನಗಲಿಲ್ಲ. “ಆರ್ ತಿಂಗ್ಳು ಕಣೇ! ಹೇಳಿದ್ದನ್ನ ಕೇಳೋಕೇನಾಗಿತ್ತು ರೋಗ ನಿಂಗೆ?” ಎಂದವರು ಆಮೇಲೆ ದಿನಗಟ್ಟಲೆ ಮಾತೇ ಆಡಲಿಲ್ಲ. ಮುಂದಿನ ಪ್ರಯೋಗಕ್ಕೆಂದು ಎತ್ತಿಟ್ಟಿದ್ದ, ಅದೇ ಇಲಿಗಳ ಉಳಿಕೆ ತುಣುಕುಗಳನ್ನು ತೆಗೆದು ಮತ್ತೆ ಮೊದಲಿಂದ ಶುರು ಮಾಡಿದರು. ನಾನು ಪಕ್ಕದಲ್ಲಿ ಕೂತು ಪೆನ್ಸಿಲಿನಲ್ಲಿ ನಂಬರು ಬರೆದೆ. ಒಂದು ಮಧ್ಯಾಹ್ನ ಅವರೇ ಡಬ್ಬಿ ತಂದು ನನ್ನೆದುರು ಊಟಕ್ಕೆ ಕೂತರು.

“ನೀನು ಅಂದಾಜ್ನಲ್ಲಿ ಬರ್ದಿಟ್ಟಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ, ಅಲ್ವಾ?”

“ಇಲ್ಲ ಅಕ್ಕ.”

“ಸುಳ್ಳನ್ನ ನನ್ ಹೆಸ್ರಲ್ಲಿ ಅಚ್ಚು ಹಾಕಿಸ್ತಿದ್ದೆ.” ಅನ್ನ ಕಲಸಿ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. “ಹಾಳಾಗ್ಲಿ, ಮಜ್ಜಿಗೆ ಹಾಕ್ಕೋ.”

ಮೂರು ತಿಂಗಳು ಮುಗಿಯಿತು, ಯಾರೂ ನಮಸ್ಕಾರ ಹೇಳಲಿಲ್ಲ. ಆ ಸ್ಲೈಡುಗಳನ್ನು ಎಸೆಯಲು ಹೋದಾಗ ಮುನಿಯಪ್ಪನವರು ಬಿಡಲಿಲ್ಲ. ಹತ್ತಿ ಹಾಸಿ, ಅಮ್ಮನ ಕೋಡುಬಳೆ ಬಂದಿದ್ದ ಸೀರೆಪೆಟ್ಟಿಗೆಯಲ್ಲೇ ಜೋಡಿಸಿಟ್ಟರು. ಅದಕ್ಕೆ ಗೊತ್ತಿಲ್ಲ ಪೆಟ್ಟಿಗೆ ಎಂದು ಹೆಸರಾಯಿತು. ಅಂದಿನಿಂದ ಯಾರೇ ಹೊಸಬರು ಬರಲಿ, ಮೊದಲ ದಿನ ಆ ಪೆಟ್ಟಿಗೆ ತೆರೆದು ತೋರಿಸಿ, ನಡೆದದ್ದು ಹೇಳಿ, ಕೈಗೆ ಪೆನ್ಸಿಲ್ ಕೊಡುವುದು ನಮ್ಮಲ್ಲಿ ಪದ್ಧತಿ. ಮುನಿಯಪ್ಪನವರು ನಿವೃತ್ತರಾಗಿ ಕುಂದಾಣದ ತೋಟ ಸೇರಿದ ಮೇಲೆ ಅದು ನನ್ನ ಪಾಲಿಗೆ ಬಂತು. ಒಮ್ಮೆ ಕಲ್ಕತ್ತೆಯ ಹುಡುಗನೊಬ್ಬ ಸೇರಿದ. ಅವನಿಗೆ ಸ್ಲೈಡಿನ ಮೇಲಿದ್ದದ್ದನ್ನು ಓದಿ ಹೇಳಿದೆ. ಮುಖ ಅರಳಿಸಿಕೊಂಡು, “ಈ ವರ್ಡ್ ಬರುತ್ತೆ ಮೇಡಂ! ಕನ್ನಡ ಗೊತ್ತಿಲ್ಲ!” ಎಂದ. ಬೆಂಗಳೂರಿಗೆ ಬಂದವರೆಲ್ಲ ಮೊದಲು ಕಲಿಯುವ ಮಾತನ್ನೇ ನಾವು ನಮ್ಮ ವಿಜ್ಞಾನದ ಮೊದಲ ಪಾಠ ಮಾಡಿಕೊಂಡಿದ್ದೇವೆ ಎಂದು ದೊಡ್ಡ ಮೇಡಂ ಬಹಳ ಸಂತೋಷಪಟ್ಟರು.

ಈಗ ನಿಮಗೆ ಮಾತ್ರ ಒಂದು ಗುಟ್ಟು. ‘ಇದನ್ನ ಮಾಡಿದ್ದು ಯಾರು ಮೇಡಂ?’ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ‘ಯಾರೋ ಹಳಬರು’ ಎಂದು ನಾನು ಮುಚ್ಚಳ ಹಾಕುತ್ತೇನೆ. ಇಷ್ಟು ವರ್ಷ ಹೀಗೇ ನಡೆದಿತ್ತು. ತಪ್ಪು ಮುಚ್ಚಿಡಬಾರದು ಎಂದು ಪಾಠ ಹೇಳುವ ಟೀಚರಮ್ಮ ತನ್ನದನ್ನು ಸೀರೆಪೆಟ್ಟಿಗೆಯಲ್ಲಿ ಮುಚ್ಚಿಟ್ಟುಕೊಂಡಿದ್ದಳು.

ಈ ವಾರ ಸೇರಿದ ಹುಡುಗಿಯ ಹೆಸರು ಭವ್ಯ. ಶಿವಗಂಗೆಯ ಹತ್ತಿರದ ಹಳ್ಳಿಯವಳು, ಮಾತು ಕಡಿಮೆ, ಕೈ ಚುರುಕು. ಅವಳು ಬಂದ ದಿನ ನನಗೆ ಒಂದಾದ ಮೇಲೊಂದು ಮೀಟಿಂಗು. ಪೆಟ್ಟಿಗೆ ನಾಳೆ ತೋರಿಸ್ತೀನಿ ಎಂದವಳು ಮೂರು ದಿನ ಮರೆತೆ. ಇವತ್ತು ನಾಲ್ಕನೆಯ ದಿನ, ಪೆನ್ಸಿಲ್ ಚೂಪು ಮಾಡಿಕೊಂಡು ಕರೆದೆ. ಪೆಟ್ಟಿಗೆ ತೆರೆದು ಎಂದಿನಂತೆ ಎಲ್ಲ ಹೇಳಿದೆ. ಯಾರು ಮಾಡಿದ್ದು ಎಂದು ಅವಳು ಕೇಳಲಿಲ್ಲ. ಸ್ಲೈಡುಗಳನ್ನೇ ನೋಡುತ್ತ,

“ಆಮೇಲೆ ಅವ್ರನ್ನ ಕೆಲಸದಿಂದ ತೆಗ್ದುಬಿಟ್ರಾ ಮೇಡಂ?” ಎಂದಳು.

ಅವಳ ತುಟಿ ಒಣಗಿತ್ತು. ಅವಳು ಕೇಳುತ್ತಿರುವುದು ಹಳಬರ ಬಗ್ಗೆ ಅಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಯಾರೋ ಹಳಬರು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಅಭ್ಯಾಸಬಲ. ನುಂಗಿಕೊಂಡೆ.

“ತೆಗೀಲಿಲ್ಲ ಕಣಮ್ಮ. ನಿನ್ನೆದುರಿಗೇ ನಿಂತಿದಾಳೆ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಒಂದೇ ಉಸಿರಿನಲ್ಲಿ ಎಲ್ಲ ಹೊರಗೆ ಬಂತು. ಮೊನ್ನೆ ಅವಳೇ ಮಿದುಳಿನ ತುಣುಕುಗಳನ್ನು ಮೂರು ಹೊಸ ಸೀಸೆಗಳಿಗೆ ತುಂಬಿದ್ದಳು, ನಿನ್ನೆ ಅವುಗಳ ನೀರು ಬದಲಿಸುವಾಗ ಮೂರರ ಮುಚ್ಚಳವನ್ನೂ ಒಟ್ಟಿಗೇ ತೆಗೆದಳಂತೆ. ನಂಬರು ಬರೆದಿದ್ದು ಮುಚ್ಚಳದ ಮೇಲೆ ಮಾತ್ರ. ಮತ್ತೆ ಹಾಕುವಾಗ ಯಾವ ಮುಚ್ಚಳ ಯಾವ ಸೀಸೆಯದು ಎಂದು ತಿಳಿಯದೆ, ಇರಬೇಕು ಎಂದುಕೊಂಡು ಹಾಕಿ ಮನೆಗೆ ಹೋದಳಂತೆ. ಪೆನ್ಸಿಲಿನಲ್ಲಿ ನಂಬರು ಬರೆದ ಚೀಟಿಯನ್ನು ಸೀಸೆಯ ಒಳಗೇ ಹಾಕುವುದು ನಮ್ಮ ಕ್ರಮ. ಅದನ್ನು ಪೆಟ್ಟಿಗೆಯ ಜೊತೆ ಹೇಳಿಕೊಡುವವಳು ನಾನು, ಹೇಳಿಕೊಟ್ಟಿರಲಿಲ್ಲ.

ಆ ಮೂರು ಸೀಸೆಗಳು ನನ್ನವು. ನನ್ನ ಸ್ವಂತ ಪ್ರಯೋಗ, ಸಮಯ ಸಿಕ್ಕಾಗಲೆಲ್ಲ ಮಾಡಿಕೊಂಡು ಬಂದದ್ದು. ಸುಳ್ಳು ಯಾಕೆ ಹೇಳಲಿ, ರೋಗ ಏನಾಗಿತ್ತು ನಿಂಗೆ ಎಂದು ಬಾಯಿಗೆ ಬಂತು. ಸುಮಾ ಅಕ್ಕ ಅಷ್ಟು ದಿನದ ಮೇಲಾದರೂ ಮಜ್ಜಿಗೆ ಹಾಕ್ಕೋ ಅಂದರಲ್ಲ, ಅವರ ಮನಸ್ಸು ಎಷ್ಟು ದೊಡ್ಡದು ಎಂದು ನನಗೆ ಅರ್ಥವಾದದ್ದು ಇವತ್ತು. ಒಂದು ಲೋಟ ನೀರು ಕುಡಿದು ಬಂದು ಸೀಸೆಗಳನ್ನು ಮೇಜಿನ ಮೇಲಿಟ್ಟೆ.

“ಯಾವ್ದು ಯಾವ್ದು?”

“ಗೊತ್ತಿಲ್ಲ ಮೇಡಂ.”

ಅವಳು ಹೇಳದಿದ್ದರೆ ಈ ಜನ್ಮಕ್ಕೆ ನನಗೆ ಗೊತ್ತಾಗುತ್ತಿರಲಿಲ್ಲ. ಪೆನ್ಸಿಲನ್ನು ಅವಳ ಕೈಗೆ ಕೊಟ್ಟೆ. ಮೂರು ಚೀಟಿಗಳ ಮೇಲೆ ಕನ್ನಡದಲ್ಲೇ ಬರೆದು ಒಂದೊಂದು ಸೀಸೆಯೊಳಗೆ ಒಂದೊಂದು ಹಾಕಿದಳು. ಅಕ್ಷರ ನನ್ನಷ್ಟು ಚೆನ್ನಾಗಿರಲಿಲ್ಲ. ಹತ್ತಿಯನ್ನು ಸ್ವಲ್ಪ ಸರಿಸಿ ಸ್ಲೈಡುಗಳ ಪಕ್ಕ ಸೀಸೆಗಳಿಗೆ ಜಾಗ ಮಾಡಿದೆ.

“ಸೋಮವಾರ ಕೋಲಾರದಿಂದ ಇನ್ನೊಬ್ಳು ಸೇರ್ತಾಳೆ,” ಎಂದೆ. “ಅವಳಿಗೆ ಪೆಟ್ಟಿಗೆ ನೀನೇ ತೋರ್ಸು. ಮೊದಲ್ನೇ ದಿನಾನೇ.”

“ಯಾರು ಮಾಡಿದ್ದು ಅಂತ ಕೇಳಿದ್ರೆ ಏನ್ ಹೇಳ್ಲಿ ಮೇಡಂ?”

“ಇಪ್ಪತ್ನಾಲ್ಕು ಮೇಡಮ್ದು, ಮೂರು ನಂದು ಅನ್ನು.”