ಸೈಲೆನ್ಸರ್ ಮುರಿದ ಗುಂಡಿಗೊಂದು ಅರ್ಜಿ

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೋಗುವಾಗ ನಮ್ಮ ಹಳೆಯ ಕಾರು ಗುಂಡಿಯೊಂದಕ್ಕೆ ಇಳಿದು ಸೈಲೆನ್ಸರ್ ಎರಡು ತುಂಡಾಯಿತು. ಟ್ರ್ಯಾಕ್ಟರಿನಂತೆ ಗುಡುಗುತ್ತಾ ಹೇಗೋ ಊರು ಮುಟ್ಟಿ, ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ನಿಲ್ಲಿಸಿದೆವು. ಅಂಗಡಿಯ ಕರಿಗೌಡರು ಗೋಣಿಚೀಲ ಹಾಸಿಕೊಂಡು ಕಾರಿನಡಿ ನುಸುಳಿದರು.

"ಈ ವಾರ ನಿಮ್ದು ನಾಕನೇ ಕಾರು ಕಣ್ರೀ. ಎಲ್ಲಾ ಅದೇ ಗುಂಡಿ," ಎಂದರು.

ಅದನ್ನು ಕೇಳಿ ನನ್ನ ಹೆಂಡತಿ ಸರೋಜಳಿಗೆ ಸಿಟ್ಟು ಬಂತು. ಬೆಸುಗೆ ಮುಗಿಯುವಷ್ಟರಲ್ಲಿ ಪರಿಹಾರ ಕೇಳಿ ಅರ್ಜಿ ಬರೆದು, ರಸ್ತೆ ನೋಡಿಕೊಳ್ಳುವ ಕಚೇರಿಗೆ ನನ್ನನ್ನೂ ಎಳೆದುಕೊಂಡು ಹೋದಳು.

ಅಲ್ಲಿನ ವಯಸ್ಸಾದ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿದರು. ಬೈಸಿಕೊಳ್ಳಲು ನಾನು ಸಿದ್ಧನಾಗಿದ್ದೆ. ಆದರೆ ಅವರ ಮುಖ ಅರಳಿತು.

"ದುಡ್ಡು ಬರಾಕಿಲ್ಲ ಕಣಮ್ಮ, ಆ ಆಸೆ ಬುಡಿ. ಆದ್ರೆ ಬರೀ ಗುಂಡಿ ಐತೆ ಅಂತ ಬರೆದ್ರೆ ಇಲ್ಲಿ ಯಾರೂ ಏಳಾಕಿಲ್ಲ. ಪರಿಹಾರ ಕೇಳಿದ್ರೆ ಸಾಹೇಬ್ರು ಓಗಿ ನೋಡ್ಲೇಬೇಕು. ನಾನೂ ದಿನಾ ಅದೇ ದಾರೀಲಿ ಸ್ಕೂಟ್ರಲ್ಲಿ ಬತ್ತೀನಿ."

ಅರ್ಜಿಯಲ್ಲಿ ಗುಂಡಿಯ ಆಳ ಬರೆದಿರಲಿಲ್ಲ. "ಮೊಣಕಾಲುದ್ದ ಅಂತ ಸೇರ್ಸಿ," ಎಂದು ತಮ್ಮ ಪೆನ್ನನ್ನೇ ಕೊಟ್ಟರು. ಸರೋಜ ನಗುತ್ತಾ ಸೇರಿಸಿದಳು. ಅವರು ಮೊಹರು ಒತ್ತಿ, ಅರ್ಜಿ ಹಿಡಿದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಎಂಜಿನಿಯರು ಗೊಣಗುತ್ತಾ ಹೊರಬಂದು ಜೀಪು ಹತ್ತಿದರು. ಜಾಗ ತೋರಿಸಲು ಗುಮಾಸ್ತರೂ ಹಿಂದೆ ಹತ್ತಿ ಕೂತರು. ಜೀಪು ಹೊರಡುವ ಮುನ್ನ ಅವರು ಮುಂದೆ ಬಾಗಿ ಡ್ರೈವರನ ಕಿವಿಯಲ್ಲಿ ಹೇಳಿದ್ದು ನಮಗೂ ಕೇಳಿಸಿತು.

"ತಪ್ಪಿಸ್ಕೊಂಡು ಓಗ್ಬ್ಯಾಡ ಕಣ್ಲಾ. ಸೀದಾ ಗುಂಡಿಗೇ ಇಳ್ಸು."