ಕಿಟಕಿಯಿಂದ ಬಿದ್ದ ಬ್ಲೌಸ್ ಪೀಸು

ಸಂಡೂರಿನ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಬಟ್ಟೆ ಎಸೆದು ಸೀಟು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸೊಕ್ಕು ನನಗಿತ್ತು. ಟವೆಲ್ ಎಸೆಯುವವರಿದ್ದರು, ಕರ್ಚೀಫ್ ಎಸೆಯುವವರಿದ್ದರು, ಧೈರ್ಯವಂತರು ಊಟದ ಡಬ್ಬಿಯ ಚೀಲವನ್ನೇ ಎಸೆಯುತ್ತಿದ್ದರು. ನಾನು ಟೇಲರ್. ನನ್ನ ಬ್ಯಾಗಿನಲ್ಲಿ ಸದಾ ಒಂದೆರಡು ಬ್ಲೌಸ್ ಪೀಸು ಇರುತ್ತವೆ. ಮಡಿಚಿ, ಮೂಲೆಗೆ ಗಂಟು ಹಾಕಿ ಎಸೆದರೆ ಅದು ಗಾಳಿಗೆ ಅತ್ತಿತ್ತ ಹಾರದೆ ನೇರ ಹೋಗಿ ಡ್ರೈವರ್ ಹಿಂದಿನ ಸೀಟಿನ ಮೇಲೆ ಬೀಳುತ್ತಿತ್ತು. ಬಟ್ಟೆ ಬಿದ್ದ ಸೀಟಿಗೆ ಮತ್ತೊಬ್ಬರು ಕೈ ಹಚ್ಚುವಂತಿಲ್ಲ. ನಮ್ಮ ಕಡೆ ಇದು ಕೋರ್ಟಿನ ಆರ್ಡರಿಗಿಂತ ಗಟ್ಟಿ.

ಆ ಸೀಟು ಬೇಕಾಗಿದ್ದದ್ದು ನನಗಲ್ಲ, ನನ್ನ ಮಗಳಿಗೆ. ಅವಳಿಗೆ ಮಾತು ಕಡಿಮೆ, ಅದುರುವ ವಸ್ತುಗಳ ಮೇಲೆ ಪ್ರೀತಿ ಜಾಸ್ತಿ. ನಾನು ಹೊಲಿಗೆ ಹಾಕುತ್ತಿದ್ದರೆ ಮಷೀನಿನ ಹಲಗೆಗೆ ಕೆನ್ನೆ ಹಚ್ಚಿ ಕಣ್ಣು ಮುಚ್ಚುತ್ತಾಳೆ. ಬಸ್ಸಿನಲ್ಲಿ ಡ್ರೈವರ್ ಬೆನ್ನ ಹಿಂದೆ ಒಂದು ಕಬ್ಬಿಣದ ಸರಳು ಇರುತ್ತದಲ್ಲ, ಅದು ಮಷೀನಿಗಿಂತ ಚೆನ್ನಾಗಿ ಅದುರುತ್ತದೆ. ಅದಕ್ಕೆ ಕೆನ್ನೆ ಹಚ್ಚಿದರೆ ಹೊಸಪೇಟೆಯವರೆಗೆ ನನ್ನ ಮಗಳಷ್ಟು ಸಭ್ಯಸ್ಥೆ ಯಾರೂ ಇಲ್ಲ. ಅದು ಸಿಗದಿದ್ದರೆ ಅವಳು ಕೂಗುವ ಕೂಗಿಗೆ ಬಸ್ಸು ಊರು ದಾಟುವ ಮೊದಲೇ ನಾವಿಬ್ಬರೂ ಇಳಿಯಬೇಕಾಗುತ್ತಿತ್ತು.

ಮೂರು ವರ್ಷವಾದರೂ ಅವಳು ಮಾತಾಡದಿದ್ದಾಗ ಎಲ್ಲರೂ ನನಗೆ ಸಮಾಧಾನ ಹೇಳಿದ್ದರು. "ಅವರಪ್ಪಾನೂ ತಡಾನ ಮಾತು ಕಲತಿದ್ದ" ಎಂದರು ಕಂಪ್ಲಿಯಲ್ಲಿರುವ ನನ್ನ ಅತ್ತೆ. ಅವರಪ್ಪ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ. ಅವನು ಈಗಲೂ ಮಾತಾಡುವುದಿಲ್ಲ, ಆದರೆ ಅದಕ್ಕೆ ಕಾರಣ ನಾನು. ಅತ್ತೆಯ ಓಣಿಯವರೆಲ್ಲ ಸೇರಿ ಬಜೆಬೇರು ತೇಯ್ದು ಮಗಳಿಗೆ ನೆಕ್ಕಿಸಿದರು. ಅವಳು ಅದನ್ನು ಅತ್ತೆಯ ಹೊಸ ಸೀರೆಯ ಮೇಲೆ ಉಗುಳಿದಳು. ಅಭಿಪ್ರಾಯ ತಿಳಿಸಲು ಮಾತೇ ಬೇಕೆಂದಿಲ್ಲ. ಹರಕೆ ಹೊತ್ತು ಹಂಪಿಗೆ ಕರೆದೊಯ್ದೆವು. ದೇವರಿಗೆ ಬೆನ್ನು ಹಾಕಿ, ಕಂಬಕ್ಕೆ ಕೆನ್ನೆ ಹಚ್ಚಿ ನಿಂತವಳನ್ನು ಅಲ್ಲಿಂದ ಬಿಡಿಸಿ ತರುವುದೇ ದೊಡ್ಡ ಸೇವೆಯಾಯಿತು.

ಕೊನೆಗೆ ಹೊಸಪೇಟೆಯ ಮಕ್ಕಳ ಡಾಕ್ಟರೊಬ್ಬರು ಇದಕ್ಕೆ ಆಟಿಸಂ ಎನ್ನುತ್ತಾರೆ, ಇದು ರೋಗವಲ್ಲ, ಮಗು ಲೋಕವನ್ನು ಬೇರೆ ರೀತಿ ಗ್ರಹಿಸುತ್ತದೆ, ಬೇಗ ತರಬೇತಿ ಕೊಡಿಸಿ ಎಂದರು. ಎಲ್ಲಿ ಎಂದು ಕೇಳಿದರೆ ಬೆಂಗಳೂರು ಎಂದರು. ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿಬರಲು ನಾನೇನು ಮಂತ್ರಿಯೇ? ಆಮೇಲೆ ಶಾಲೆಗೆ ಹೋದೆ. ಅಲ್ಲಿಯ ಹೆಡ್‌ಮಾಸ್ತರರು ಮಗಳನ್ನು ಸ್ವಲ್ಪ ಹೊತ್ತು ನೋಡಿ, "ಈ ಹುಡುಗೀಗೆ ಪಕ್ಕದಾಗ ಇನ್ನೊಬ್ರು ಅದಾರ ಅನ್ನೋ ಖಬರೇ ಇಲ್ಲಲ್ರಿ" ಎಂದರು. ಆ ಮಾತು ನನ್ನೊಳಗೆ ಸೂಜಿ ಮುರಿದು ಉಳಿದಂತೆ ಉಳಿಯಿತು.

ಡಾಕ್ಟರಿಗೆ ಗೊತ್ತಿಲ್ಲದ ವಿಳಾಸ ನನಗೆ ಸಿಕ್ಕಿದ್ದು ನನ್ನ ಅಂಗಡಿಯಲ್ಲೇ. ಅಳತೆ ಟೇಪು ಸೊಂಟಕ್ಕೆ ಸುತ್ತಿದಾಗ ಹೆಂಗಸರು ಉಸಿರು ಬಿಗಿಹಿಡಿದಿರುತ್ತಾರೆ, ಏನು ಕೇಳಿದರೂ ಬೇಗ ನಿಜ ಹೇಳಿ ಮುಗಿಸುತ್ತಾರೆ. ಹಾಗೆ ಒಬ್ಬಾಕೆ ತನ್ನ ತಂಗಿಯ ಮಗು ಹೊಸಪೇಟೆಯಲ್ಲೇ, ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಯ ತರಬೇತಿ ಕೇಂದ್ರಕ್ಕೆ ಹೋಗುತ್ತದೆ ಎಂದು ಬಾಯಿಬಿಟ್ಟಳು. ಆ ಖುಷಿಗೆ ಅವಳ ಬ್ಲೌಸನ್ನು ಒಂದಿಂಚು ಸಡಿಲ ಹೊಲಿದುಕೊಟ್ಟೆ.

ಕೇಂದ್ರ ಚೆನ್ನಾಗಿತ್ತು, ಅಲ್ಲಿನ ಟೀಚರ್ ಇನ್ನೂ ಚೆನ್ನಾಗಿದ್ದಳು. ಅಡ್ಡಿಯಿದ್ದದ್ದು ಬಸ್ಸಿನದು. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಇಡೀ ತಾಲೂಕಿನ ಅಕ್ಕತಂಗಿಯರಿಗೆ ಹೊಸಪೇಟೆಯಲ್ಲಿ ಕೆಲಸ ಹುಟ್ಟಿಕೊಂಡಿತ್ತು. ನನಗೂ ಟಿಕೆಟ್ ಇಲ್ಲ, ಹಾಗಾಗಿ ದೂರುವಂತಿಲ್ಲ. ಸೀಟು ಸಿಗದೆ ಕ್ಲಾಸು ಮೇಲಿಂದ ಮೇಲೆ ತಪ್ಪಿದವು. ಒಂದು ದಿನ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಭಾಳ ಮಕ್ಕಳು ಕಾಯ್ಲಿಕ್ಕತ್ತಾರ. ಇನ್ನೊಮ್ಮೆ ತಪ್ಪಿದ್ರ ಈ ಟೈಮ್ ಬೇರೆಯವರಿಗೆ ಕೊಡಬೇಕಾಗ್ತದ" ಎಂದಳು. ಬ್ಲೌಸ್ ಪೀಸಿಗೆ ಗಂಟು ಹಾಕಲು ಕಲಿತದ್ದು ಆ ವಾರವೇ.

ಜಗಳವಾದದ್ದು ಅದಾದ ಮೇಲೆ. ಅವತ್ತು ನನ್ನ ಹಸಿರು ಬ್ಲೌಸ್ ಪೀಸು ಹೋಗಿ ಸೀಟಿನ ಮೇಲೆ ಬಿದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಒಳಗೆ ಹತ್ತಿ ನೋಡಿದರೆ ಅದರ ಮೇಲೊಂದು ಕೆಂಪು ಟವೆಲ್. ಟವೆಲ್ಲಿನ ಒಡೆಯ ಬಂಡ್ರಿಯ ಮುದುಕ, ಗಣಿಯಲ್ಲಿ ಕಲ್ಲು ಒಡೆದು ಗಟ್ಟಿಯಾದ ದೇಹ, ಅದಕ್ಕಿಂತ ಗಟ್ಟಿ ಗಂಟಲು. ಕೈಯಲ್ಲಿ ಮೊಮ್ಮಗನನ್ನು ಹಿಡಿದಿದ್ದ. ಕಂಡಕ್ಟರಿಗೆ, ಡ್ರೈವರಿಗೆ, ಬಸ್ಸಿಗೂ ಲೇ ಎನ್ನುವ ಮನುಷ್ಯ.

"ಲೇ, ಇದು ನನ್ನ ಸೀಟು, ಸರಿ ಆಕಡೆ!"

"ಕಣ್ಣು ಕಾಣ್ತಾವೇನ್ ಯಜಮಾನ್ರಾ? ಕೆಳಗ ನನ್ನ ಬಟ್ಟೆ ಐತಿ ನೋಡ್ರಿ."

ಕಂಡಕ್ಟರ್ ಬಂದು ಎರಡೂ ಬಟ್ಟೆಗಳನ್ನು ಗಂಭೀರವಾಗಿ ಪರೀಕ್ಷಿಸಿದ. "ಕೆಳಗಿರೋದು ಮೊದಲು ಬಿದ್ದೈತಿ. ಸೀಟು ಅಕ್ಕಾರ್ದು" ಎಂದು ತೀರ್ಪು ಕೊಟ್ಟ. ನಾನು ಗೆದ್ದೆ. ಮಗಳು ಹೋಗಿ ಸರಳಿಗೆ ಕೆನ್ನೆ ಹಚ್ಚಿದಳು. ಆಗ ಆ ಹುಡುಗ ಎರಡು ಕಿವಿ ಮುಚ್ಚಿಕೊಂಡು ಬಸ್ಸಿನ ನಡುವೆ ಅಂಗಾತ ಮಲಗಿ ಕೂಗತೊಡಗಿದ. ಹಿಂದಿನಿಂದ ಯಾರೋ, "ಸಲಿಗಿ ಕೊಟ್ರ ಹಿಂಗ ಆಗೋದು, ಎರಡು ಬಿಗೀರಿ" ಎಂದರು.

ಆ ಕೂಗು ನನಗೆ ಗೊತ್ತಿತ್ತು. ಆ ಸಲಹೆಯೂ ಗೊತ್ತಿತ್ತು, ನನಗೇ ಎಷ್ಟೋ ಸಲ ಸಿಕ್ಕಿತ್ತು. ಗೆದ್ದ ಖುಷಿ ಅಲ್ಲೇ ಜರ್ರನೆ ಇಳಿಯಿತು.

"ಯಜಮಾನ್ರಾ, ಎಲ್ಲಿಗೆ ಹೊಂಟೀರಿ?" ಎಂದೆ.

"ಹೊಸಪ್ಯಾಟ್ಯಾಗ ಇಂಥಾ ಮಕ್ಕಳಿಗೆ ಏನೋ ಕಲಸ್ತಾರಂತ. ಹುಡುಕಿ ಹುಡುಕಿ ಸಾಕಾಗಿ ಸಿಕ್ಕೈತಿ. ಇವತ್ತ ಮೊದಲನೇ ದಿನ. ಇವ ಹಿಂಗ ಮಲಗ್ಯಾನ!" ಎಂದು ಬಗ್ಗಿ, ಹುಡುಗನ ತಲೆಯ ಕೆಳಗೆ ಆ ಕೆಂಪು ಟವೆಲ್ ಸರಿಸಿದ.

"ಅವಂಗ ಈ ಸೀಟಿನಿಂದ ಏನ್ ಬೇಕು?"

"ಗೇರ್ ಕಾಣಬೇಕ್ ಅವಂಗ. ಡ್ರೈವರ್ ಗೇರ್ ಹಾಕೋದು ಕಾಣಿಸಿದ್ರ ಮುಗೀತು, ದೇವರಂಥಾ ಹುಡುಗ."

ನನ್ನ ಮಗಳಿಗೆ ಬೇಕಾದದ್ದು ಸರಳು, ಅವನಿಗೆ ಬೇಕಾದದ್ದು ಗೇರು. ಗೇರು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಮುಂದಿನ ಬಾಗಿಲ ಪಕ್ಕದ ಸೀಟಿನಿಂದ. ಅದು ಕಂಡಕ್ಟರನದು. ನಾನು ಅವನ ಕಡೆ ತಿರುಗಿದೆ.

"ಬ್ಯಾಡ್ರಿ ಅಕ್ಕಾ, ಅದು ನಮ್ಮ ಡಿಪಾರ್ಟ್‌ಮೆಂಟ್ ಸೀಟು" ಎಂದ, ನಾನಿನ್ನೂ ಬಾಯಿ ತೆರೆಯುವ ಮೊದಲೇ.

"ಆಗಲಿ ಬಿಡಪಾ. ನಿನ್ನ ಖಾಕಿ ಪ್ಯಾಂಟು ಸೊಂಟ ಬಿಚ್ಚಿ ದೊಡ್ಡದು ಮಾಡಾಕ ನನ್ನ ಅಂಗಡಿಗೆ ಕೊಟ್ಟೀಯಲ್ಲ, ಅದರದೂ ನಮ್ಮಲ್ಲಿ ಒಂದು ಡಿಪಾರ್ಟ್‌ಮೆಂಟ್ ಐತಿ. ಅವರು ಯಾವಾಗ ಕೊಡ್ತಾರೋ ಏನೋ."

ಕಂಡಕ್ಟರ್ ತಾನು ಹಾಕಿಕೊಂಡಿದ್ದ ಬಿಗಿಯಾದ ಪ್ಯಾಂಟನ್ನು ಒಮ್ಮೆ ನೋಡಿಕೊಂಡ. ಆಮೇಲೆ ಎದ್ದ. ಹುಡುಗ ಆ ಸೀಟಿನಲ್ಲಿ ಕುಳಿತು ಗೇರಿನ ಮೇಲೆ ಕಣ್ಣು ನೆಟ್ಟವನು ಹೊಸಪೇಟೆ ಬರುವ ತನಕ ರೆಪ್ಪೆ ಹೊಡೆದನೋ ಇಲ್ಲವೋ. ಬಸ್ಸು ಇಳಿಯುವ ಹೊತ್ತಿಗೆ ಮುದುಕ ನನ್ನಿಂದ ಕೇಂದ್ರದ ದಾರಿ ತಿಳಿದುಕೊಂಡಿದ್ದ. ಯಾವ ದಿನ ಹೋದರೆ ಅಂಗವಿಕಲರ ಸರ್ಟಿಫಿಕೇಟಿಗೆ ಡಾಕ್ಟರ್ ಸಿಗುತ್ತಾರೆ, ಯಾವ ಶಾಲೆಯಲ್ಲಿ ಇಂಥ ಮಕ್ಕಳನ್ನು ಕಂಡರೆ ಗೇಟು ಹಾಕುವುದಿಲ್ಲ ಎಂದು ಅವನಿಂದ ನಾನು ತಿಳಿದುಕೊಂಡಿದ್ದೆ. ಇಷ್ಟು ವರ್ಷ ನಾನೊಬ್ಬಳೇ ಹುಡುಕುತ್ತಿದ್ದೆ ಎಂದುಕೊಂಡಿದ್ದೆನಲ್ಲ! ಇಪ್ಪತ್ತು ಕಿಲೋಮೀಟರ್ ಆಚೆ ಈ ಮುದುಕನೂ ಅದನ್ನೇ ಹುಡುಕುತ್ತಿದ್ದ.

ಆಮೇಲೆ ಅದೇ ಪದ್ಧತಿಯಾಯಿತು. ನಾನು ಒಂದು ಬಟ್ಟೆ ಡ್ರೈವರ್ ಹಿಂದಕ್ಕೂ, ಬಸ್ಸು ಸುತ್ತಿ ಹೋಗಿ ಇನ್ನೊಂದು ಬಾಗಿಲ ಪಕ್ಕದ ಮುಂದಿನ ಕಿಟಕಿಗೂ ಎಸೆಯುತ್ತಿದ್ದೆ. ಮುದುಕನ ಗುರಿಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ಮಕ್ಕಳಿಬ್ಬರೂ ಒಂದು ದಿನವಾದರೂ ಒಬ್ಬರನ್ನೊಬ್ಬರು ನೋಡಿದ್ದು ನನಗೆ ನೆನಪಿಲ್ಲ. ಅವಳದು ಸರಳು, ಅವನದು ಗೇರು. ಕ್ಲಾಸು ಮಾತ್ರ ತಪ್ಪಲಿಲ್ಲ, ಮಗಳ ಜಾಗ ಉಳಿಯಿತು.

ಈ ಬೇಸಿಗೆಯಲ್ಲಿ ಒಂದು ದಿನ ಬಸ್ಸು ಬಂದಾಗ ನಾನು ಗಿರಾಕಿಯೊಬ್ಬಳ ಜೊತೆ ಫೋನಿನಲ್ಲಿ ತೋಳಿನ ಉದ್ದದ ಬಗ್ಗೆ ವಾದಿಸುತ್ತಿದ್ದೆ. ಮುದುಕ ಬಂದಿರಲಿಲ್ಲ, ಮೊಮ್ಮಗನಿಗೆ ಜ್ವರ ಎಂದು ಹೇಳಿ ಕಳಿಸಿದ್ದ. ಮಗಳು ನನ್ನ ಬ್ಯಾಗಿಗೆ ಕೈ ಹಾಕಿದ್ದು ತಿಳಿಯಿತು. ಒಂದು ಬಟ್ಟೆ ತೆಗೆದು ಡ್ರೈವರ್ ಹಿಂದಿನ ಕಿಟಕಿಗೆ ಎಸೆದಳು. ಫೋನ್ ನನ್ನ ಕಿವಿಯಲ್ಲೇ ಉಳಿಯಿತು. ಮತ್ತೆ ಕೈ ಹಾಕಿದಳು, ಬಸ್ಸನ್ನು ಸುತ್ತಿ ಆ ಕಡೆಗೆ ಓಡಿದಳು. ನಾನು ಹಿಂದೆ ಓಡಿ ಹಿಡಿಯುವಷ್ಟರಲ್ಲಿ ಯಾರದೋ ಮದುವೆಯ ರೇಷ್ಮೆ ಬ್ಲೌಸ್ ಪೀಸು ಮುಂದಿನ ಕಿಟಕಿಯಿಂದ ಹೋಗಿ ಕಂಡಕ್ಟರನ ತೊಡೆಯ ಮೇಲೆ ಬಿದ್ದಿತ್ತು.

"ಅಕ್ಕಾ, ಇವತ್ತ ಹುಡುಗ ಬಂದಿಲ್ಲಲ್ರಿ" ಎಂದ ಅವನು. ಒಳಗೆ ಹತ್ತಿ ನಾನು ಬಟ್ಟೆ ತೆಗೆಯಲು ಹೋದರೆ ಮಗಳು ಅದರ ಮೇಲೆ ಅಂಗೈ ಒತ್ತಿ ಹಿಡಿದಳು. ಕಂಡಕ್ಟರ್ ಅವಳನ್ನು ನೋಡಿದ, ನನ್ನನ್ನು ನೋಡಿದ, ಬಟ್ಟೆಯನ್ನು ಸೀಟಿನ ಮೇಲೇ ಬಿಟ್ಟು ಎದ್ದು ನಿಂತ. ದಾರಿಯಲ್ಲಿ ಇಳಿಯಬೇಕಿದ್ದ ಒಬ್ಬಾಕೆ ಗೊತ್ತಿಲ್ಲದೆ ಅಲ್ಲಿ ಕೂರಲು ಹೋದಾಗ ಅವನೇ, "ಬಟ್ಟೆ ಬಿದ್ದೈತ್ರಿ, ಕಾಣಂಗಿಲ್ಲೇನು?" ಎಂದು ಗದರಿದ. ನಿಂತವರಿಂದ ಬಸ್ಸು ಕಿಕ್ಕಿರಿದಿದ್ದರೂ ಆ ಸೀಟು ಹೊಸಪೇಟೆಯವರೆಗೆ ಖಾಲಿಯೇ ಹೋಯಿತು. ನಾನು ದಾರಿಯುದ್ದಕ್ಕೂ ಅತ್ತೆ, ನಕ್ಕೆ, ಮತ್ತೆ ಅತ್ತೆ. ಆ ಹೆಡ್‌ಮಾಸ್ತರರು ಇದೇ ಬಸ್ಸಿನಲ್ಲಿರಬಾರದಿತ್ತೇ ಎನಿಸಿತು, ಅದೂ ನಿಂತುಕೊಂಡು.

ಮುಂದಿನ ಕ್ಲಾಸಿನ ದಿನ ಮುದುಕ ಬಂದಾಗ ಬಸ್ಸಿನಲ್ಲೇ ಎಲ್ಲ ಹೇಳಿದೆ. ಅವನಿಗೆ ಒಂದು ಸಲ ಕೇಳಿದ್ದು ಸಾಲಲಿಲ್ಲ.

"ನಮ್ಮ ಹುಡುಗನ ಸಲುವಾಗಿ ಹಿಡಿದ್ಲಾ?"

"ಅವನ ಸಲುವಾಗೇ."

"ಯಾರೂ ಕುಂದ್ರಲಿಲ್ಲಾ?"

"ಕಂಡಕ್ಟರ್ ಸುದ್ದಾ ಕುಂದ್ರಲಿಲ್ಲ."

ಮುದುಕ ಎದ್ದು, ಓಲಾಡುವ ಬಸ್ಸಿನಲ್ಲಿ ಕಂಬ ಹಿಡಿದುಕೊಂಡು ನನ್ನ ಮಗಳ ಮುಂದೆ ನಿಂತ. ಹೆಗಲ ಮೇಲಿನ ಕೆಂಪು ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಸ್ಸಿಗೂ ಲೇ ಎನ್ನುವ ಮನುಷ್ಯ, "ಭಾಳ ಉಪಕಾರ ಆತ್ರಿ ತಾಯಿ" ಎಂದ. ಅವಳು ಅವನ ಕಡೆ ನೋಡಲಿಲ್ಲ. ಸರಳಿನ ಮೇಲೆ ಕೆನ್ನೆಯನ್ನು ಸ್ವಲ್ಪ ಕೆಳಕ್ಕೆ ಸರಿಸಿ, ಅವನಿಗೂ ಹಿಡಿದುಕೊಳ್ಳಲು ಜಾಗ ಬಿಟ್ಟಳು.